ಸಡಿಲವೋ, ಸವೆತವೋ: ದೊಡ್ಡ ನಾಯಿಯ ಸೊಂಟದ ಪರೀಕ್ಷೆ ಮಾಡಿಸುವುದು ಹೇಗೆ

ಟೈಗರ್‌ಗೆ ಒಂಬತ್ತು ತಿಂಗಳಾಗಿದ್ದಾಗ ನಮ್ಮ ಜಗಲಿಯ ಮೂರು ಮೆಟ್ಟಿಲು ಹತ್ತುವ ರೀತಿ ಬದಲಾಯಿತು. ಮೊದಲು ಒಂದೊಂದೇ ಕಾಲಿಟ್ಟು ಹತ್ತುತ್ತಿದ್ದವನು ಹಿಂಗಾಲು ಎರಡನ್ನೂ ಜೋಡಿಸಿಕೊಂಡು ಮೊಲದ ಹಾಗೆ ಕುಪ್ಪಳಿಸತೊಡಗಿದ. ಮರಿ ಆಟ ಆಡ್ತಿದೆ ಅಂತ ಮನೆಯವರೆಲ್ಲ ನೋಡಿ ಖುಷಿಪಟ್ಟೆವು. ಆಮೇಲೆ ಯಾಕೋ ಅನುಮಾನ ಬಂದು ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಇಬ್ಬರು ಅವನನ್ನು ಅಮುಕಿ ಹಿಡಿದರು, ಎಕ್ಸ್‌ರೇ ತೆಗೆದರು, "ಸೊಂಟ ಸರಿ ಇದೆ" ಅಂದರು. ನೆಮ್ಮದಿಯಿಂದ ಮನೆಗೆ ಬಂದೆವು.

ಮೂರು ವರ್ಷ ತುಂಬುವ ಹೊತ್ತಿಗೆ ಮಳೆಗಾಲದ ಬೆಳಗ್ಗೆಗಳಲ್ಲಿ ಟೈಗರ್‌ಗೆ ಎದ್ದು ನಿಲ್ಲುವುದೇ ಕಷ್ಟವಾಯಿತು. ಮುಂಗಾಲು ಊರಿ, ಹಿಂಭಾಗವನ್ನು ಎಳೆದುಕೊಂಡು ಏಳುತ್ತಿದ್ದ. ಬೇರೊಬ್ಬ ಡಾಕ್ಟರು ಆ ಹಳೆಯ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಇದು ಓರೆ ಬಂದಿದೆ. ಇದನ್ನು ನೋಡಿ ಸರಿ ಇದೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ" ಅಂದರು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಈಗ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ರಾಟ್‌ವೀಲರ್ ಜಾಸ್ತಿಯಾಗಿವೆ. ಕಾರವಾರ, ಅಂಕೋಲಾ ಕಡೆಯೂ ಅಷ್ಟೇ. ಸೊಂಟದ ಕಾಯಿಲೆ ಜಾಸ್ತಿ ಕಾಣುವುದು ಇಂಥ ತಳಿಗಳಲ್ಲೇ. ನಾನು ಅವತ್ತು ಕೇಳಬೇಕಿದ್ದ, ಕೇಳದೇ ಬಿಟ್ಟ ಪ್ರಶ್ನೆಗಳನ್ನು ನೀವು ಕೇಳುವಂತಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೀಲಿನೊಳಗೆ ಏನಾಗುತ್ತದೆ ನೋಡೋಣ

ಅಡುಗೆಮನೆಯ ಒರಳುಕಲ್ಲು ನೆನಪಿಸಿಕೊಳ್ಳಿ. ಗುಳಿಗೆ ಸರಿಯಾಗಿ ಕೂರುವ ಗುಂಡಿದ್ದರೆ ನುಣ್ಣಗೆ ತಿರುಗುತ್ತದೆ. ಗುಳಿ ಆಳವಿಲ್ಲದಿದ್ದರೆ ಗುಂಡು ಅತ್ತಿತ್ತ ಓಲಾಡಿ ಅಂಚಿಗೆ ಬಡಿಯುತ್ತದೆ. ಸೊಂಟದ ಕೀಲೂ ಹಾಗೆಯೇ. ತೊಡೆ ಎಲುಬಿನ ತುದಿಯ ಚೆಂಡು ಸೊಂಟದ ಎಲುಬಿನ ಗುಳಿಯಲ್ಲಿ ಬಿಗಿಯಾಗಿ ಕೂರಬೇಕು. ಹಿಪ್ ಡಿಸ್‌ಪ್ಲೇಸಿಯಾ, ಅಂದರೆ ನಾನು ಹೇಳುತ್ತಿರುವ ಈ ಸೊಂಟದ ಕಾಯಿಲೆ, ಇರುವ ಮರಿಯೂ ಹುಟ್ಟುವಾಗ ಒಳ್ಳೆಯ ಕೀಲನ್ನೇ ಇಟ್ಟುಕೊಂಡು ಹುಟ್ಟುತ್ತದೆ. ಬೆಳೆಯುವ ತಿಂಗಳುಗಳಲ್ಲಿ ಆ ಕೀಲು ಸಡಿಲವಾಗುತ್ತದೆ. ಸಡಿಲವಾದ ಚೆಂಡು ಪ್ರತಿ ಹೆಜ್ಜೆಗೂ ಗುಳಿಯ ಅಂಚನ್ನು ಉಜ್ಜುತ್ತದೆ. ವರ್ಷಗಳು ಕಳೆದಂತೆ ಅಂಚು ಸವೆಯುತ್ತದೆ, ಎಲುಬು ಬೆಳೆದು ಒರಟಾಗುತ್ತದೆ, ನೋವು ಕೂರುತ್ತದೆ.

ಅಂದರೆ ಮೊದಲು ಸಡಿಲ, ಆಮೇಲೆ ಸವೆತ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಕೆಲವು ಸಡಿಲವನ್ನು ಅಳೆಯುತ್ತವೆ, ಕೆಲವು ಮುಖ್ಯವಾಗಿ ಸವೆತವನ್ನು ತೋರಿಸುತ್ತವೆ. ಯಾವುದು ಒಳ್ಳೆಯದು ಅಂತ ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ.

ಹೆಜ್ಜೆ 1: ನಿಮಗೆ ತಿಳಿಯಬೇಕಾದದ್ದು ಏನು?

ನಾಲ್ಕು ತಿಂಗಳ ಮರಿ ಇದ್ದರೆ ನಿಮ್ಮ ಪ್ರಶ್ನೆ "ಇದಕ್ಕೆ ಮುಂದೆ ಬರಬಹುದಾ?" ಅಂತ. ಎರಡು ವರ್ಷದ ಹೆಣ್ಣುನಾಯಿಗೆ ಜೋಡಿ ಹುಡುಕುತ್ತಿದ್ದರೆ "ಇದರಿಂದ ಮರಿ ತೆಗೆಯಬಹುದಾ?" ಅಂತ. ಈಗಾಗಲೇ ಕುಂಟುತ್ತಿರುವ ನಾಯಿಯಾದರೆ "ನೋವು ಸೊಂಟದ್ದೇನಾ, ಎಷ್ಟು ಹಾಳಾಗಿದೆ?" ಅಂತ. ಮೂರಕ್ಕೂ ಒಂದೇ ಪರೀಕ್ಷೆ ಸಾಲುವುದಿಲ್ಲ. ಡಾಕ್ಟರ ಹತ್ತಿರ ಹೋಗುವ ಮೊದಲೇ ನಿಮ್ಮದು ಯಾವುದು ಅಂತ ನಿರ್ಧರಿಸಿ, ಬಾಯಿ ಬಿಟ್ಟು ಹೇಳಿ.

ಹೋಗುವ ಮುಂಚೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ನಾಯಿ ಮಲಗಿದ್ದಲ್ಲಿಂದ ಏಳುವುದು, ಹಿಂದಿನಿಂದ ಕಾಣುವಂತೆ ನಡೆಯುವುದು, ಓಡುವುದು, ಮೆಟ್ಟಿಲು ಹತ್ತುವುದು, ತಲಾ ಅರ್ಧ ನಿಮಿಷ ಸಾಕು. ಆಸ್ಪತ್ರೆಯ ಗಾಬರಿಯಲ್ಲಿ ಎಷ್ಟೋ ನಾಯಿಗಳು ಕುಂಟುವುದನ್ನೇ ಮರೆತು ನಡೆಯುತ್ತವೆ. ಮನುಷ್ಯರ ನೋವಿನ ಮಾತ್ರೆ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಹುದು.

ಹೆಜ್ಜೆ 2: ಕೈಯಿಂದ ನೋಡುವ ಪರೀಕ್ಷೆ

ಇದರ ಹೆಸರು ಆರ್ಟೊಲಾನಿ ಪರೀಕ್ಷೆ. ಎಳೆ ಮಕ್ಕಳ ಸೊಂಟ ನೋಡಲು ಬಳಸುವ ಪರೀಕ್ಷೆ ಇದು, ಇಟಲಿಯ ಮಕ್ಕಳ ಡಾಕ್ಟರೊಬ್ಬರ ಹೆಸರಿನಲ್ಲಿದೆ. ಅದೇ ಕ್ರಮವನ್ನು ನಾಯಿಗೂ ಮಾಡುತ್ತಾರೆ. ಡಾಕ್ಟರು ಮೊಣಕಾಲನ್ನು ಹಿಡಿದು ತೊಡೆಯನ್ನು ಬೆನ್ನಿನ ಕಡೆಗೆ ಒತ್ತುತ್ತಾರೆ. ಕೀಲು ಸಡಿಲವಾಗಿದ್ದರೆ ಚೆಂಡು ಗುಳಿಯಿಂದ ಸ್ವಲ್ಪ ಹೊರಗೆ ಜಾರುತ್ತದೆ. ಆಮೇಲೆ ಕಾಲನ್ನು ನಿಧಾನಕ್ಕೆ ಹೊರಗೆ ಅಗಲಿಸಿದಾಗ ಚೆಂಡು ಮತ್ತೆ ಒಳಗೆ ಕೂರುತ್ತದೆ. ಆಗ "ಟಕ್" ಅಂತ ಕೈಗೆ ತಿಳಿಯುತ್ತದೆ, ಕೆಲವೊಮ್ಮೆ ಕಿವಿಗೂ ಕೇಳುತ್ತದೆ.

ಖರ್ಚು ಕಡಿಮೆ, ಮರಿ ವಯಸ್ಸಿನಲ್ಲೇ ಆಗುತ್ತದೆ. ಆದರೆ ಮತ್ತಿನ ಇಂಜೆಕ್ಷನ್ ಕೊಟ್ಟು ಮಾಡಿದರೆ ಮಾತ್ರ ನಂಬಬಹುದು. ಎಚ್ಚರವಿರುವ ನಾಯಿ ತೊಡೆಯನ್ನು ಬಿಗಿ ಹಿಡಿದುಬಿಡುತ್ತದೆ. ಇನ್ನೊಂದು ಮಾತು. ವಯಸ್ಸಾದ ನಾಯಿಯಲ್ಲಿ "ಟಕ್" ಇಲ್ಲ ಅಂದಮಾತ್ರಕ್ಕೆ ಸೊಂಟ ಒಳ್ಳೆಯದಿದೆ ಅಂತಲ್ಲ. ಕೀಲಿನ ಚೀಲ ದಪ್ಪಗಾಗಿ, ಅಂಚು ಸವೆದು ಹೋದ ಮೇಲೆ ಆ ಸದ್ದು ಬರುವುದೇ ಇಲ್ಲ. ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡಲು ಹೋಗಬೇಡಿ, ಮರಿಗೆ ನೋವಾಗುತ್ತದೆ.

ಹೆಜ್ಜೆ 3: ಕಾಲು ಚಾಚಿ ತೆಗೆಯುವ ಎಕ್ಸ್‌ರೇ

ಎಲ್ಲರಿಗೂ ಪರಿಚಯ ಇರುವುದು ಇದೇ. ನಾಯಿಯನ್ನು ಅಂಗಾತ ಮಲಗಿಸಿ, ಹಿಂಗಾಲು ಎರಡನ್ನೂ ನೇರಕ್ಕೆ ಹಿಂದೆ ಎಳೆದು, ಮೊಣಕಾಲು ಒಳಮುಖವಾಗುವಂತೆ ತಿರುಗಿಸಿ ತೆಗೆಯುವ ಚಿತ್ರ. ಚಿತ್ರ ಒಂದೇ ಆದರೂ ಅದಕ್ಕೆ ಅಂಕ ಕೊಡುವ ಪದ್ಧತಿ ದೇಶಕ್ಕೊಂದು ಥರ. ಮರಿ ಕೊಳ್ಳುವಾಗ ತಂದೆ-ತಾಯಿಯ ಪೇಪರಿನಲ್ಲಿ ಇವು ಕಂಡರೆ ಓದಲು ಬರಬೇಕು ಅಲ್ವಾ? ಅದಕ್ಕೇ ಹೇಳುತ್ತೇನೆ.

ಅಮೆರಿಕದ ಒಎಫ್‌ಎ, ಅಂದರೆ ಪ್ರಾಣಿಗಳ ಎಲುಬು-ಕೀಲಿನ ಚಿತ್ರ ನೋಡಿ ದರ್ಜೆ ಕೊಡುವ ಸಂಸ್ಥೆ, 1966ರಲ್ಲಿ ಶುರುವಾಯಿತು. ಮೂವರು ತಜ್ಞರು ಬೇರೆ ಬೇರೆಯಾಗಿ ಚಿತ್ರ ನೋಡುತ್ತಾರೆ. ಒಟ್ಟು ಏಳು ದರ್ಜೆ: ಎಕ್ಸಲೆಂಟ್, ಗುಡ್, ಫೇರ್ ಈ ಮೂರು ಪಾಸು, ನಡುವೆ ಬಾರ್ಡರ್‌ಲೈನ್, ಆಮೇಲೆ ಮೈಲ್ಡ್, ಮಾಡರೇಟ್, ಸಿವಿಯರ್. ಪಕ್ಕಾ ಸರ್ಟಿಫಿಕೇಟಿಗೆ ನಾಯಿಗೆ 24 ತಿಂಗಳು ತುಂಬಿರಬೇಕು. ಅದಕ್ಕಿಂತ ಮುಂಚೆ, 4 ತಿಂಗಳಿನಿಂದಲೇ, ತಾತ್ಕಾಲಿಕ ವರದಿ ಕೊಡುತ್ತಾರೆ.

ಎಫ್‌ಸಿಐ, ಅಂದರೆ ಕೆನಲ್ ಕ್ಲಬ್ಬುಗಳ ಅಂತರರಾಷ್ಟ್ರೀಯ ಒಕ್ಕೂಟದ ಪದ್ಧತಿಯಲ್ಲಿ ಎ ಇಂದ ಇ ವರೆಗೆ ಐದು ದರ್ಜೆ. ಎ ಅಂದರೆ ಚೊಕ್ಕ, ಇ ಅಂದರೆ ತುಂಬಾ ಹಾಳು. ಇಲ್ಲಿ ನಾರ್ಬರ್ಗ್ ಕೋನ ಅಂತ ಒಂದು ಅಳತೆ ಮುಖ್ಯ. ಎರಡೂ ಚೆಂಡುಗಳ ನಡುಬಿಂದುವಿಗೆ ಒಂದು ಗೆರೆ, ಒಂದು ಚೆಂಡಿನ ನಡುವಿನಿಂದ ಅದರ ಗುಳಿಯ ಮುಂದಿನ ಅಂಚಿಗೆ ಇನ್ನೊಂದು ಗೆರೆ. ಇವೆರಡರ ನಡುವಿನ ಕೋನ 105 ಡಿಗ್ರಿ ಅಥವಾ ಜಾಸ್ತಿ ಇದ್ದರೆ ಗುಳಿ ಚೆಂಡನ್ನು ಚೆನ್ನಾಗಿ ಹಿಡಿದಿದೆ ಅಂತ ಲೆಕ್ಕ. 90ಕ್ಕಿಂತ ಕೆಳಗೆ ಬಂದರೆ ಇ ದರ್ಜೆ.

ಬ್ರಿಟನ್ನಿನ ಬಿವಿಎ, ಅಂದರೆ ಅಲ್ಲಿನ ಪಶುವೈದ್ಯರ ಸಂಘದ ಪದ್ಧತಿಯಲ್ಲಿ ಒಂದೊಂದು ಸೊಂಟದಲ್ಲೂ ಒಂಬತ್ತು ಅಂಶ ನೋಡಿ ಅಂಕ ಹಾಕುತ್ತಾರೆ. ಒಂದು ಕಡೆಗೆ 53ರವರೆಗೆ, ಎರಡೂ ಸೇರಿ 106ರವರೆಗೆ. ಪರೀಕ್ಷೆಯ ಅಂಕದ ಹಾಗಲ್ಲ, ಇಲ್ಲಿ ಸೊನ್ನೆ ಬಂದರೆ ಅದೇ ಫಸ್ಟ್ ರ‍್ಯಾಂಕ್. ನಾಯಿಗೆ ಕನಿಷ್ಠ 12 ತಿಂಗಳಾಗಿರಬೇಕು. ಬರೀ ಒಟ್ಟು ಅಂಕ ನೋಡಬೇಡಿ, ಎಡ-ಬಲ ಬೇರೆ ಬೇರೆ ನೋಡಿ. 5 ಮತ್ತು 5 ಒಂದು ಥರ, 0 ಮತ್ತು 10 ಇನ್ನೊಂದು ಥರ.

ಜರ್ಮನ್ ಶೆಫರ್ಡ್ ಕೊಳ್ಳುವವರಿಗೆ ವಿಶೇಷವಾಗಿ ಒಂದು ಮಾತು. ಜರ್ಮನಿಯಿಂದ ಬಂದ ವಂಶದ ಪೇಪರುಗಳಲ್ಲಿ "ಎ" ಮುದ್ರೆ ಇರುತ್ತದೆ. ಆದರೆ ಆ ಮುದ್ರೆ ಮೂರು ಬಗೆಯ ಸೊಂಟಕ್ಕೂ ಸಿಗುತ್ತದೆ: "ನಾರ್ಮಲ್", "ಫಾಸ್ಟ್ ನಾರ್ಮಲ್" ಅಂದರೆ ಹೆಚ್ಚುಕಮ್ಮಿ ನಾರ್ಮಲ್, ಮತ್ತು "ನೊಖ್ ತ್ಸುಗೆಲಾಸೆನ್" ಅಂದರೆ ಇನ್ನೂ ಒಪ್ಪಬಹುದಾದದ್ದು. ಮುದ್ರೆ ಇದೆ ಅಂತ ಬ್ರೀಡರ್ ಹೇಳಿದರೆ ಪಕ್ಕದಲ್ಲಿ ಯಾವ ಪದ ಇದೆ ನೋಡಿ. ಕೆನಲ್ ಕ್ಲಬ್ಬಿನ ನೋಂದಣಿ ಪೇಪರ್ ಅಂತೂ ವಂಶ ಯಾವುದು ಅಂತ ಮಾತ್ರ ಹೇಳುತ್ತದೆ. ಅದು ಸೊಂಟದ ಸರ್ಟಿಫಿಕೇಟ್ ಅಲ್ಲ.

ಈ ಚಿತ್ರದ ಬಲ ಇರುವುದು ಸವೆತ ತೋರಿಸುವುದರಲ್ಲಿ. ಗುಳಿ ಎಷ್ಟು ಆಳ, ಅಂಚು ಹೇಗಿದೆ, ಎಲುಬು ಬೆಳೆದಿದೆಯಾ ಎಲ್ಲ ಕಾಣುತ್ತದೆ. ಇದರ ಕೊರತೆ ಇರುವುದು ಕಾಲು ಚಾಚುವುದರಲ್ಲೇ. ಒದ್ದೆ ಬಟ್ಟೆಯನ್ನು ಹಿಂಡಿದರೆ ಅದು ಹುರಿಯಾಗಿ ಬಿಗಿಯಾಗುತ್ತದಲ್ಲ, ಹಾಗೆಯೇ ಕಾಲನ್ನು ಹಿಂದೆ ಎಳೆದು ತಿರುಗಿಸಿದಾಗ ಕೀಲಿನ ಸುತ್ತಲಿನ ಚೀಲ ಹುರಿಗೊಂಡು ಚೆಂಡನ್ನು ಗುಳಿಯೊಳಗೆ ತಳ್ಳುತ್ತದೆ. ಸಡಿಲವಾಗಿದ್ದ ಕೀಲೂ ಆ ಕ್ಷಣಕ್ಕೆ ಬಿಗಿಯಾಗಿ ಕಾಣಿಸಬಹುದು.

ಹೆಜ್ಜೆ 4: ಪೆನ್‌ಹಿಪ್

ಈ ಕೊರತೆಯನ್ನು ನೋಡಿಯೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗೇಲ್ ಸ್ಮಿತ್ ಅವರು 1980ರ ದಶಕದಲ್ಲಿ ಬೇರೆ ದಾರಿ ಹುಡುಕಿದರು. ಪೆನ್‌ಹಿಪ್‌ನಲ್ಲಿ ಮೂರು ಚಿತ್ರ ತೆಗೆಯುತ್ತಾರೆ. ಒಂದು ಮಾಮೂಲಿ ಕಾಲು ಚಾಚಿದ್ದು. ಎರಡನೆಯದರಲ್ಲಿ ಚೆಂಡುಗಳನ್ನು ಗುಳಿಯೊಳಗೆ ಒತ್ತಿ ಹಿಡಿಯುತ್ತಾರೆ. ಮೂರನೆಯದರಲ್ಲಿ ತೊಡೆಗಳ ನಡುವೆ ಒಂದು ಸಾಧನ ಇಟ್ಟು, ಮೊಣಕಾಲುಗಳನ್ನು ಒಳಕ್ಕೆ ಒತ್ತಿ, ಚೆಂಡು ಎಷ್ಟು ಹೊರಗೆ ಬರುತ್ತದೆ ನೋಡುತ್ತಾರೆ. ನಾಯಿ ನಿಂತಿರುವಾಗ ಕಾಲು ಇರುವಂತಹ ಭಂಗಿಯಲ್ಲೇ ಇದನ್ನು ಮಾಡುವುದರಿಂದ ಚೀಲ ಹುರಿಗೊಳ್ಳುವುದಿಲ್ಲ.

ಹೊರಬಂದ ದೂರವನ್ನು ಚೆಂಡಿನ ಗಾತ್ರಕ್ಕೆ ಹೋಲಿಸಿ ಒಂದು ಸಂಖ್ಯೆ ಕೊಡುತ್ತಾರೆ. ಅದೇ ಡಿಐ (ಡಿಸ್ಟ್ರಾಕ್ಷನ್ ಇಂಡೆಕ್ಸ್). ಸೊನ್ನೆಯ ಹತ್ತಿರ ಇದ್ದರೆ ಬಿಗಿ, 1ರ ಹತ್ತಿರ ಇದ್ದರೆ ಚೆಂಡು ಪೂರ್ತಿ ಹೊರಗೆ. 0.30ಕ್ಕಿಂತ ಕಡಿಮೆ ಇದ್ದರೆ ಮುಂದೆ ಸವೆತ ಬರುವ ಸಾಧ್ಯತೆ ತೀರಾ ಕಡಿಮೆ. ಅದೇ ತಳಿಯ ಬೇರೆ ನಾಯಿಗಳ ಜೊತೆ ಹೋಲಿಸಿದರೆ ನಿಮ್ಮದು ಎಲ್ಲಿ ನಿಲ್ಲುತ್ತದೆ ಅಂತಲೂ ವರದಿಯಲ್ಲಿ ಇರುತ್ತದೆ. 16 ವಾರದ ಮರಿಗೇ ಮಾಡಬಹುದು. ಆಳವಾಗಿ ಮತ್ತು ಬರಿಸುವುದು ಕಡ್ಡಾಯ. ತರಬೇತಿ ಪಡೆದ ಡಾಕ್ಟರು ಮಾತ್ರ ಮಾಡಬೇಕು, ಮತ್ತು ಅವರು ತೆಗೆದ ಎಲ್ಲ ಚಿತ್ರಗಳನ್ನೂ ಕಳುಹಿಸಲೇಬೇಕು. ಚೆನ್ನಾಗಿ ಬಂದದ್ದನ್ನು ಮಾತ್ರ ಕಳುಹಿಸಿ ಕೆಟ್ಟದ್ದನ್ನು ಮುಚ್ಚಿಡುವ ದಾರಿ ಇಲ್ಲಿಲ್ಲ.

ಎರಡು ಪದ್ಧತಿಗಳ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದು ಅನ್ನುವುದಕ್ಕೆ 2010ರ ಒಂದು ಅಧ್ಯಯನ ನೋಡಿ. ಎರಡು ವರ್ಷ ದಾಟಿದ 439 ನಾಯಿಗಳನ್ನು ಎರಡೂ ವಿಧಾನದಲ್ಲಿ ನೋಡಿದರು. ಒಎಫ್‌ಎ ಪ್ರಕಾರ ನಾರ್ಮಲ್ ಅನ್ನಿಸಿದವುಗಳಲ್ಲಿ ನೂರಕ್ಕೆ 80ರಷ್ಟು ನಾಯಿಗಳ ಡಿಐ 0.30 ಅಥವಾ ಅದಕ್ಕಿಂತ ಜಾಸ್ತಿ ಇತ್ತು. ಇದನ್ನು ಮಾಡಿದವರು ಪೆನ್‌ಹಿಪ್ ಕಟ್ಟಿದ ವಿಶ್ವವಿದ್ಯಾಲಯದವರೇ ಅನ್ನುವುದನ್ನೂ ನೆನಪಿಡಬೇಕು. ಸಡಿಲ ಇರುವ ಪ್ರತಿ ನಾಯಿಗೂ ಕಾಯಿಲೆ ಬರುವುದಿಲ್ಲ ಅನ್ನುವುದೂ ನಿಜ. ಆದರೂ ಮರಿ ತೆಗೆಯುವವರಿಗೆ ಇದು ದೊಡ್ಡ ಮಾತು. ಪಾಸಾದ ತಂದೆ, ಪಾಸಾದ ತಾಯಿ, ಆದರೂ ಮರಿ ಕುಂಟುತ್ತದೆ ಯಾಕೆ ಅನ್ನುವುದಕ್ಕೆ ಉತ್ತರದ ಒಂದು ಭಾಗ ಇಲ್ಲಿದೆ. ಒಂದೇ ಜೀನ್‌ನಿಂದ ಬರುವ ಕಾಯಿಲೆ ಇದಲ್ಲ, ಹತ್ತಾರು ಸೇರಿ ಆಗುವಂಥದ್ದು.

ಹೆಜ್ಜೆ 5: ನಮ್ಮ ಕಡೆಯವರು ಯಾವುದು ಮಾಡಿಸಬೇಕು?

ನನ್ನ ಅಭಿಪ್ರಾಯ ಹೇಳುತ್ತೇನೆ. ಮನೆಯಲ್ಲಿ ಸಾಕಲು ತಂದ ಮರಿಯಾದರೆ ನಾಲ್ಕು ತಿಂಗಳ ಹೊತ್ತಿಗೆ ಮತ್ತು ಕೊಟ್ಟು ಆರ್ಟೊಲಾನಿ ನೋಡಿಸಿ. ಅನುಮಾನ ಬಂದರೆ ಅದೇ ಮತ್ತಿನಲ್ಲಿ ಎಕ್ಸ್‌ರೇ ತೆಗೆಸಿ. ಈ ವಯಸ್ಸು ಯಾಕೆ ಮುಖ್ಯ ಅಂದರೆ, ಸೊಂಟದ ಎಲುಬು ಬೆಳೆಯುವ ದಿಕ್ಕು ಬದಲಾಯಿಸುವ ಒಂದು ಸಣ್ಣ ಆಪರೇಷನ್ ಇದೆ, ಅದನ್ನು ಸುಮಾರು 12ರಿಂದ 20 ವಾರದ ಒಳಗೆ ಮಾಡಿದರೆ ಮಾತ್ರ ಪ್ರಯೋಜನ. ಆಪರೇಷನ್ ಬೇಡ ಅಂದರೂ ತೂಕ, ನೆಲ, ಆಟ ಮೂರನ್ನೂ ಆಗಿನಿಂದಲೇ ಹಿಡಿತಕ್ಕೆ ತರಬಹುದು. ಎರಡು ವರ್ಷಕ್ಕೆ ಒಂದು ನೇರವಾದ ಎಕ್ಸ್‌ರೇ ಸಾಕು.

ಮರಿ ತೆಗೆಯುವ ಉದ್ದೇಶ ಇದ್ದರೆ ಇಷ್ಟು ಸಾಲದು. ಸಾಧ್ಯವಾದರೆ ಪೆನ್‌ಹಿಪ್ ಮಾಡಿಸಿ. ಅದನ್ನು ಮಾಡುವ ಡಾಕ್ಟರುಗಳ ಪಟ್ಟಿ ಅವರ ವೆಬ್‌ಸೈಟಿನಲ್ಲೇ ಸಿಗುತ್ತದೆ. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ 24 ತಿಂಗಳ ಮೇಲೆ ಕಾಲು ಚಾಚಿದ ಚಿತ್ರ ತೆಗೆಸಿ, ತಜ್ಞರಿಂದ ದರ್ಜೆ ಬರೆಸಿಕೊಳ್ಳಿ. ಹೆಣ್ಣುನಾಯಿ ಬೆದೆಯಲ್ಲಿರುವಾಗ ತೆಗೆಸಬೇಡಿ. ಹಾರ್ಮೋನಿನಿಂದ ಕೀಲು ಸಡಿಲವಾಗಿ ಕಾಣಬಹುದು. ಬೆದೆಗೆ ಒಂದು ತಿಂಗಳ ಮುಂಚೆ ಅಥವಾ ಒಂದು ತಿಂಗಳ ನಂತರ ಇಟ್ಟುಕೊಳ್ಳಿ.

ಎಲ್ಲಿ ಅನ್ನುವ ಪ್ರಶ್ನೆಗೆ: ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ, ಶಿವಮೊಗ್ಗ ಹತ್ತಿರ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಕಾರವಾರದವರಿಗೆ ಗೋವಾ ಪಕ್ಕದಲ್ಲೇ. ಇನ್ನೂ ದೂರ ಹೋಗಬಲ್ಲವರಿಗೆ ಬೆಂಗಳೂರಿನ ಹೆಬ್ಬಾಳದ ಕಾಲೇಜು. ಎಲ್ಲಿಗೇ ಆದರೂ ಮೊದಲು ಫೋನ್ ಮಾಡಿ ಈ ನಾಲ್ಕು ಕೇಳಿ: ಮತ್ತು ಕೊಟ್ಟು ತೆಗೆಯುತ್ತೀರಾ? ಡಿಜಿಟಲ್ ಮಷೀನಾ? ಮೂಲ ಡೈಕಾಮ್ ಫೈಲ್ (ಎಕ್ಸ್‌ರೇ ಮಷೀನಿನ ಅಸಲಿ ಡಿಜಿಟಲ್ ಚಿತ್ರ) ನಮಗೆ ಕೊಡುತ್ತೀರಾ? ಚಿತ್ರ ಓದುವವರು ಯಾರು? ಮೊದಲನೆಯದಕ್ಕೆ "ಬೇಡ, ಹಿಡ್ಕೊಂಡ್ರೆ ಸಾಕು" ಅನ್ನುವ ಉತ್ತರ ಬಂದರೆ ಬೇರೆ ಕಡೆ ಕೇಳಿ. ಟೈಗರ್ ವಿಷಯದಲ್ಲಿ ತಪ್ಪಿದ್ದು ಅಲ್ಲೇ.

ಹೆಜ್ಜೆ 6: ಎಕ್ಸ್‌ರೇ ದಿನ

ಮತ್ತು ಕೊಡುವುದರಿಂದ ಹೊಟ್ಟೆ ಖಾಲಿ ಇರಬೇಕು. ದೊಡ್ಡ ನಾಯಿಗೆ ಸಾಮಾನ್ಯವಾಗಿ ಹಿಂದಿನ ರಾತ್ರಿಯ ಊಟವೇ ಕೊನೆ. ಎಳೆ ಮರಿಗೆ ಅಷ್ಟು ಹೊತ್ತು ಉಪವಾಸ ಆಗುವುದಿಲ್ಲ, ಡಾಕ್ಟರು ಹೇಳಿದಷ್ಟೇ ಮಾಡಿ. ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ವಾಂತಿ ಮಾಡುವ ನಾಯಿಗೂ ಖಾಲಿ ಹೊಟ್ಟೆ ಒಳ್ಳೆಯದೇ.

ವಾಪಸ್ ಬರುವಾಗ ಜಾಸ್ತಿ ಜಾಗ್ರತೆ ಬೇಕು. ಮತ್ತಿನ ಅಮಲು ಪೂರ್ತಿ ಇಳಿಯದ ನಾಯಿ ತಿರುವುಗಳಲ್ಲಿ ಕಾಲು ಊರಿ ನಿಲ್ಲಲಾರದು, ಸೀಟಿನಿಂದ ಉರುಳಿ ಬೀಳುತ್ತದೆ. ಹಿಂದಿನ ಸೀಟಿನ ಕೆಳಗಿನ ಸಂದಿಗೆ ಹಾಸಿಗೆ ತುಂಬಿ ಸಮ ಮಾಡಿ, ಮೇಲೆ ಕಂಬಳಿ ಹಾಕಿ ಮಲಗಿಸಿ, ಒಬ್ಬರು ಪಕ್ಕದಲ್ಲಿ ಕೂತು ತಲೆ ಹಿಡಿದುಕೊಳ್ಳಿ. ಎಚ್ಚರ ಆದ ಮೇಲೆಯೇ ಆಸ್ಪತ್ರೆಯಿಂದ ಹೊರಡಿ. ಮನೆಗೆ ಬಂದ ಕೂಡಲೇ ನೀರು, ಊಟ ಸುರಿಯಬೇಡಿ. ಸರಿಯಾಗಿ ನಡೆಯುವಂತಾದ ಮೇಲೆ ಸ್ವಲ್ಪ ಸ್ವಲ್ಪ ಕೊಡಿ.

ಹೆಜ್ಜೆ 7: ಚಿತ್ರವನ್ನು ನೀವೇ ನೋಡಿ

ಕಾಯಿಲೆ ಇದೆಯಾ ಅಂತ ನಾವು ಹೇಳಲಾರೆವು. ಆದರೆ ಚಿತ್ರ ನೇರ ಬಂದಿದೆಯಾ ಅಂತ ಯಾರು ಬೇಕಾದರೂ ನೋಡಬಹುದು. ಆಸ್ಪತ್ರೆಯಲ್ಲಿ ನಾಯಿಗೆ ಮತ್ತು ಇರುವಾಗಲೇ ನೋಡಿ. ಸರಿ ಇಲ್ಲದಿದ್ದರೆ ಆಗಲೇ ಇನ್ನೊಂದು ತೆಗೆಯಬಹುದು.

ಸೊಂಟದ ಎಲುಬಿನ ಕೆಳಗೆ, ಬಾಲದ ಎರಡೂ ಪಕ್ಕ, ಮೊಟ್ಟೆಯಾಕಾರದ ಎರಡು ಕಪ್ಪು ತೂತು ಕಾಣುತ್ತವೆ. ಅವೆರಡೂ ಒಂದೇ ಗಾತ್ರದಲ್ಲಿರಬೇಕು. ಒಂದು ಅಗಲ, ಒಂದು ಸಪೂರ ಇದ್ದರೆ ನಾಯಿ ಪಕ್ಕಕ್ಕೆ ವಾಲಿತ್ತು ಅಂತ ಅರ್ಥ. ಆಗ ಒಂದು ಕಡೆಯ ಗುಳಿ ಇರುವುದಕ್ಕಿಂತ ಆಳವಾಗಿಯೂ ಇನ್ನೊಂದು ತೆಳುವಾಗಿಯೂ ಕಾಣುತ್ತದೆ. ಟೈಗರ್‌ನ ಫಿಲ್ಮಿನಲ್ಲಿ ಒಂದು ತೂತು ಇನ್ನೊಂದರ ಅರ್ಧದಷ್ಟೇ ಇತ್ತು, ನನಗೆ ಆಗ ನೋಡಲು ಗೊತ್ತಿರಲಿಲ್ಲ. ಆಮೇಲೆ ತೊಡೆ ಎಲುಬುಗಳು ರೈಲು ಹಳಿಯ ಹಾಗೆ ಒಂದಕ್ಕೊಂದು ಸಮನಾಗಿ ಸಾಗಬೇಕು. ಮೊಣಕಾಲಿನ ಚಿಪ್ಪು ಎಲುಬಿನ ನಟ್ಟನಡುವೆ ಕೂತಿರಬೇಕು, ಮತ್ತು ಎರಡೂ ಚಿಪ್ಪುಗಳು ಚಿತ್ರದೊಳಗೆ ಇರಬೇಕು. ಎಡ-ಬಲದ ಗುರುತು, ತಾರೀಕು, ನಾಯಿಯ ಮೈಕ್ರೋಚಿಪ್ ಸಂಖ್ಯೆ ಚಿತ್ರದ ಮೇಲೆಯೇ ಬಂದಿರಲಿ. ಮೊಬೈಲಿನಲ್ಲಿ ಪರದೆಯ ಫೋಟೋ ಹೊಡೆದುಕೊಂಡು ಬಂದರೆ ಯಾವ ತಜ್ಞರಿಗೂ ಕಳುಹಿಸಲು ಬರುವುದಿಲ್ಲ, ಮೂಲ ಫೈಲೇ ಬೇಕು.

ಹೆಜ್ಜೆ 8: ಫಲಿತಾಂಶ ಬಂದ ಮೇಲೆ

ಚಿತ್ರ ಕೆಟ್ಟದಾಗಿದ್ದೂ ಆರಾಮವಾಗಿ ಓಡಾಡುವ ನಾಯಿಗಳಿವೆ. ಗಾಬರಿಯಾಗಬೇಡಿ, ಚಿತ್ರವನ್ನಲ್ಲ, ನಾಯಿಯನ್ನು ನೋಡಿ ಚಿಕಿತ್ಸೆ ಮಾಡುವ ಡಾಕ್ಟರನ್ನು ಹುಡುಕಿ.

ಎಲ್ಲಕ್ಕಿಂತ ದೊಡ್ಡ ಔಷಧ ತೂಕ. 48 ಲ್ಯಾಬ್ರಡಾರ್‌ಗಳ ಮೇಲೆ ಅವುಗಳ ಜೀವಮಾನವಿಡೀ ಒಂದು ಅಧ್ಯಯನ ನಡೆಯಿತು, ವರದಿ 2002ರಲ್ಲಿ ಬಂತು. ಜೊತೆಗಾರ ನಾಯಿಗಿಂತ ಕಾಲು ಭಾಗ ಕಡಿಮೆ ತಿಂದ ನಾಯಿಗಳು ಸುಮಾರು ಎರಡು ವರ್ಷ ಜಾಸ್ತಿ ಬದುಕಿದವು. ಅವುಗಳ ಸೊಂಟದ ಸವೆತವೂ ಕಡಿಮೆ ಇತ್ತು, ತಡವಾಗಿ ಬಂತು. ಪಕ್ಕೆಲುಬಿನ ಮೇಲೆ ಕೈಯಾಡಿಸಿದರೆ ಒಂದೊಂದೂ ಬೆರಳಿಗೆ ಸಿಗಬೇಕು. ನಮ್ಮಲ್ಲಿ ಉಳಿದ ಅನ್ನ, ತುಪ್ಪ ಹಾಕಿದ ದೋಸೆ, ಮೊಸರನ್ನ ಎಲ್ಲ ಪ್ರೀತಿಯಿಂದಲೇ ನಾಯಿಯ ತಟ್ಟೆಗೆ ಹೋಗುತ್ತದೆ. ಆ ಪ್ರೀತಿಯನ್ನು ಬೇರೆ ಥರ ತೋರಿಸೋಣ.

ನೆಲದ ವಿಷಯಕ್ಕೆ ಬಂದರೆ, ನಾರ್ವೆಯಲ್ಲಿ ನಾಲ್ಕು ದೊಡ್ಡ ತಳಿಗಳ ಸುಮಾರು 500 ನಾಯಿಗಳನ್ನು ಹುಟ್ಟಿನಿಂದ ಗಮನಿಸಿದ್ದರು. ಮೊದಲ ಮೂರು ತಿಂಗಳು ದಿನವೂ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಸೊಂಟದ ಕಾಯಿಲೆ ಜಾಸ್ತಿ ಕಂಡಿತು. ಮೆತ್ತನೆಯ, ಸ್ವಲ್ಪ ಏರುತಗ್ಗಿನ ಹೊರಗಿನ ನೆಲದಲ್ಲಿ ಹಗ್ಗವಿಲ್ಲದೆ ಓಡಾಡಿದ ಮರಿಗಳಲ್ಲಿ ಕಡಿಮೆ. ಹಾಗಾಗಿ ತೋಟ ಇರುವವರು ಪುಣ್ಯವಂತರು. ಆದರೆ ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳ ನಮ್ಮನ್ನೇ ಬೀಳಿಸುತ್ತದೆ. ನಾವು ನಡೆಯುವ ದಾರಿಗೆ ಅಡಿಕೆ ಸೋಗೆ ಹಾಸುತ್ತೇವಲ್ಲ, ಮರಿ ಓಡಾಡುವ ಜಾಗಕ್ಕೂ ಹಾಸಿ. ಒಳಗೆ ಟೈಲ್ಸ್ ಇದ್ದರೆ ಮರಿ ಏಳುವ, ತಿರುಗುವ, ಊಟ ಮಾಡುವ ಜಾಗಕ್ಕೆ ಗೋಣಿಚೀಲ ಅಥವಾ ನಾರಿನ ಮ್ಯಾಟ್ ಹಾಕಿ. ಕರಾವಳಿಯವರು ನೀರಿನ ಅಂಚಿನ ಗಟ್ಟಿ ಮರಳಲ್ಲಿ ನಡೆಸಿ, ಒಣ ಮರಳಲ್ಲಿ ಚೆಂಡು ಎಸೆದು ಓಡಿಸಬೇಡಿ. ಗಂಡಾಗಲಿ ಹೆಣ್ಣಾಗಲಿ, ದೊಡ್ಡ ತಳಿಯ ನಾಯಿಗೆ ಸಂತಾನಹರಣ ಮಾಡಿಸುವುದಿದ್ದರೆ ಒಂದು ವರ್ಷ ತುಂಬುವವರೆಗೆ ಕಾಯಬಹುದಾ ಅಂತಲೂ ಡಾಕ್ಟರನ್ನು ಕೇಳಿ. ತುಂಬಾ ಬೇಗ ಮಾಡಿಸಿದ ಕೆಲವು ತಳಿಗಳಲ್ಲಿ ಕೀಲಿನ ತೊಂದರೆ ಜಾಸ್ತಿ ಕಂಡಿದೆ.

ಕೊನೆಯದಾಗಿ, ವರದಿಯನ್ನು ಬೀರುವಿನಲ್ಲಿ ಇಟ್ಟು ಸುಮ್ಮನಾಗಬೇಡಿ. ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಒಂದು ಪ್ರತಿ ಬ್ರೀಡರಿಗೆ ಕಳುಹಿಸಿ. ಅದೇ ಸೂಲಿನ ಬೇರೆ ಮರಿಗಳು ಯಾರ ಮನೆಯಲ್ಲಿವೆ ಕೇಳಿ ಅವರಿಗೂ ಹೇಳಿ. ಒಂದು ನಾಯಿಯ ಸೊಂಟ ಚೆನ್ನಾಗಿದ್ದು ಒಡಹುಟ್ಟಿದ ನಾಲ್ಕು ಕುಂಟುತ್ತಿದ್ದರೆ, ಆ ಚೆನ್ನಾಗಿರುವ ನಾಯಿಯಿಂದ ಮರಿ ತೆಗೆಯುವುದೂ ಯೋಚಿಸಬೇಕಾದ ಮಾತೇ. ಈಗ ನಮ್ಮಲ್ಲಿರುವ ಜೂಲಿಯ ವರದಿ ಬಂದ ದಿನ ನಾನು ಅವಳ ಅಣ್ಣತಮ್ಮಂದಿರು ಇರುವ ಮೂರು ಮನೆಗೆ ಫೋನ್ ಮಾಡಿದೆ. ಕುಮಟಾದ ಒಬ್ಬರು "ನಮ್ಮವನು ಮೆಟ್ಟಿಲು ಹತ್ತುವಾಗ ಎರಡೂ ಕಾಲು ಒಟ್ಟಿಗೆ ಎತ್ತುತ್ತಾನೆ, ಅದು ಸರಿ ಅಲ್ವಾ?" ಅಂತ ಕೇಳಿದರು. ಮಾರನೇ ವಾರವೇ ಅವನನ್ನೂ ಕರೆದುಕೊಂಡು ಹೋದೆವು.